ವಾರಕ್ಕೆರಡೇ ದಿನ ನೀರು ಅಂದಾಗ: ತೋಟಕ್ಕೂ ಮನೆಗೂ ಒಂದು ಲೆಕ್ಕ

ಹೊರಗೆ ನೀರು ಬಿಡಲು ನಿರ್ಬಂಧ ಬಂದ ವಾರದಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಮೊದಲು ಎರಡು ದಿನಕ್ಕೊಮ್ಮೆ ನೆನಪಾದಾಗ ಪೈಪು ಹಿಡಿಯುತ್ತಿದ್ದವರು ಈಗ 'ಇವತ್ತು ನಮ್ಮ ಸರದಿ, ತಪ್ಪಿಸಿಕೊಂಡರೆ ಇನ್ನು ಮೂರು ದಿನ ಇಲ್ಲ' ಎಂದು ಗಿಡಕ್ಕೆ ಬೇಕೋ ಬೇಡವೋ ನೋಡದೆ ಅರ್ಧ ಗಂಟೆ ನೀರು ಹರಿಸುತ್ತಾರೆ. ತಿಂಗಳ ಕೊನೆಗೆ ಮೀಟರ್ ನೋಡಿದರೆ ಬಳಕೆ ಇಳಿದೇ ಇರುವುದಿಲ್ಲ, ಒಮ್ಮೊಮ್ಮೆ ಏರಿಯೇ ಇರುತ್ತದೆ. ಆದೇಶ ಹೇಳುವುದು ಯಾವಾಗ ಬಿಡಬಾರದು ಎಂದಷ್ಟೇ, ಸರದಿ ಬಂದಾಗಲೆಲ್ಲ ಬಿಡಲೇಬೇಕು ಎಂದಲ್ಲ. ಎಷ್ಟು ಬಿಡಬೇಕು ಎಂಬ ಲೆಕ್ಕ ನಾವೇ ಹಾಕಿಕೊಳ್ಳಬೇಕು. ಅದಕ್ಕೆ ಒಂದು ಬಕೆಟ್ಟು, ಒಂದು ಗಡಿಯಾರ, ಒಂದು ಉದ್ದನೆಯ ಸ್ಕ್ರೂಡ್ರೈವರ್ ಸಾಕು.

ಆದೇಶವನ್ನು ಪೂರ್ತಿ ಓದಿ

ತಲೆಬರಹ ನೋಡಿ 'ನೀರು ಬಂದ್' ಅಂದುಕೊಳ್ಳುವವರೇ ಹೆಚ್ಚು. ಒಳಗೆ ನೋಡಬೇಕಾದ್ದು ನಾಲ್ಕು ಸಂಗತಿ: ಯಾವ ದಿನ, ಯಾವ ಹೊತ್ತು, ಯಾವ ಸಾಧನ, ಯಾವ ನೀರು.

ದಿನ ಸಾಮಾನ್ಯವಾಗಿ ಮನೆ ಸಂಖ್ಯೆಯ ಸಮ-ಬೆಸದ ಮೇಲೆ ಇರುತ್ತದೆ. ವಾರದ ದಿನಗಳನ್ನು ಹಂಚಿಕೊಟ್ಟಿದ್ದರೆ ಗೊಂದಲ ಕಡಿಮೆ. ತಾರೀಕಿನ ಸಮ-ಬೆಸವಾದರೆ 31 ಮತ್ತು 1 ಎರಡೂ ಬೆಸ, ಒಂದರ ಹಿಂದೆ ಒಂದು ಬರುತ್ತವೆ. ಆಗ 31ನ್ನು ಲೆಕ್ಕದಿಂದ ಬಿಡುವ ನಿಯಮಗಳೂ ಉಂಟು. ಹೊತ್ತಿನಲ್ಲಿ ನಡುಹಗಲು, ಅಂದರೆ ಬೆಳಗ್ಗೆ ಸುಮಾರು 10ರಿಂದ ಸಂಜೆಯವರೆಗೆ, ನಿಷೇಧ ಇರುವುದೇ ಹೆಚ್ಚು. ಸಾಧನದ ವಿಷಯದಲ್ಲಿ ಸ್ಪ್ರಿಂಕ್ಲರ್‌ಗೆ ಮೊದಲ ಪೆಟ್ಟು. ಹನಿ ನೀರಾವರಿಗೂ, ಬಿಗಿ ಬಿಟ್ಟ ಕೂಡಲೇ ನೀರು ನಿಲ್ಲುವ ಗನ್ ಇರುವ ಕೈಪೈಪಿಗೂ, ಕ್ಯಾನಿಗೂ ಬಹಳ ಕಡೆ ವಿನಾಯಿತಿ ಇರುತ್ತದೆ. ಕೊನೆಯದು ನೀರಿನ ಮೂಲ: ನಿಷೇಧ ಇರುವುದು ಕುಡಿಯುವ ನೀರಿನ ಸರಬರಾಜಿಗೆ ಮಾತ್ರವೋ ಅಥವಾ ಬಾವಿ, ಮಳೆನೀರು, ಸ್ನಾನದ ನೀರಿಗೂ ಅನ್ವಯವೋ ನೋಡಿ. ಹೊಸದಾಗಿ ನೆಟ್ಟ ಗಿಡಗಳಿಗೆ ಪ್ರತ್ಯೇಕ ಅನುಮತಿ ಇದ್ದರೆ ನೆಡುವ ಮುಂಚೆ ಕೇಳಿ ಪಡೆಯಿರಿ, ನೆಟ್ಟಮೇಲಲ್ಲ.

ಟೈಮರ್ ಇಟ್ಟುಕೊಂಡವರಿಗೆ ಒಂದು ಎಚ್ಚರಿಕೆ. ಕರೆಂಟ್ ಹೋಗಿ ಬಂದರೆ ಅಗ್ಗದ ಟೈಮರ್‌ಗಳು ಗಡಿಯಾರವನ್ನೂ ಕಾರ್ಯಕ್ರಮವನ್ನೂ ಮರೆತು ಕಾರ್ಖಾನೆಯಲ್ಲಿ ಇಟ್ಟ ವೇಳೆಗೆ ಮರಳುತ್ತವೆ, ಸಾಮಾನ್ಯವಾಗಿ ದಿನಾ ಓಡುವ ವೇಳೆಗೆ. ದಂಡದ ಚೀಟಿ ಬಂದಮೇಲೆ 'ನಾನು ಮನೆಯಲ್ಲೇ ಇರಲಿಲ್ಲ' ಅಂದರೆ ಯಾರೂ ಕೇಳುವುದಿಲ್ಲ. ಬ್ಯಾಕಪ್ ಬ್ಯಾಟರಿ ಹಾಕಿ, ಪ್ರತಿ ಕರೆಂಟ್ ಕಡಿತದ ನಂತರ ಒಮ್ಮೆ ನೋಡಿ. ರಾತ್ರಿ 12 ದಾಟಿದರೆ ದಿನ ಬದಲಾಗುತ್ತದೆ ಎಂಬುದೂ ನೆನಪಿರಲಿ: ಮಂಗಳವಾರ ನಿಮ್ಮ ದಿನವಾದರೆ ರಾತ್ರಿ 11ಕ್ಕೆ ಶುರುವಾದ 90 ನಿಮಿಷದ ಸುತ್ತು ಬುಧವಾರದಲ್ಲಿ ಮುಗಿಯುತ್ತದೆ.

ಪೈಪಿನ ಲೆಕ್ಕ

10 ಲೀಟರ್ ಬಕೆಟ್ಟಿಗೆ ಪೈಪು ಬಿಟ್ಟು ಎಷ್ಟು ಸೆಕೆಂಡಿಗೆ ತುಂಬುತ್ತದೆ ಎಂದು ನೋಡಿ. 40 ಸೆಕೆಂಡ್ ಆದರೆ ನಿಮಿಷಕ್ಕೆ 15 ಲೀಟರ್. ಈ ಸಂಖ್ಯೆಯನ್ನು ನಲ್ಲಿಯ ಪಕ್ಕದ ಗೋಡೆಯ ಮೇಲೇ ಬರೆದಿಟ್ಟುಕೊಳ್ಳಿ. ಮುಂದಿನ ಎಲ್ಲ ಲೆಕ್ಕವೂ ಇದರ ಮೇಲೆ ನಿಂತಿದೆ.

ಇನ್ನೊಂದು ಸೂತ್ರ: 1 ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ನೀರು ನಿಂತರೆ ಅದು 1 ಲೀಟರ್. 20 ಚದರ ಮೀಟರ್ ಹುಲ್ಲಿಗೆ 12 ಮಿ.ಮೀ. ಕೊಡಬೇಕೆಂದರೆ 240 ಲೀಟರ್, ನಿಮ್ಮ ಪೈಪಿನಲ್ಲಿ 16 ನಿಮಿಷ. ಅರ್ಧ ಗಂಟೆ ಬಿಡುತ್ತಿದ್ದವರು ಎಷ್ಟು ಹೆಚ್ಚು ಸುರಿಯುತ್ತಿದ್ದರು ಎಂಬುದು ಇಲ್ಲೇ ಗೊತ್ತಾಯಿತು.

ಸ್ಪ್ರಿಂಕ್ಲರ್ ಆದರೆ ಬಕೆಟ್ಟಿನ ಲೆಕ್ಕ ಸಾಲದು, ನೀರು ಎಲ್ಲೆಲ್ಲಿ ಬೀಳುತ್ತದೆ ಎಂದು ನೋಡಬೇಕು. ನೇರ ಅಂಚಿನ ಆರೆಂಟು ಒಂದೇ ಅಳತೆಯ ಡಬ್ಬಗಳನ್ನು ಹುಲ್ಲಿನ ಮೇಲೆ ಚದುರಿಸಿಟ್ಟು 15 ನಿಮಿಷ ಓಡಿಸಿ, ಪ್ರತಿಯೊಂದರಲ್ಲಿ ಎಷ್ಟು ಮಿ.ಮೀ. ನಿಂತಿದೆ ಎಂದು ಸ್ಕೇಲಿನಲ್ಲಿ ಅಳೆಯಿರಿ. ಸರಾಸರಿ 4 ಮಿ.ಮೀ. ಆದರೆ 12ಕ್ಕೆ 45 ನಿಮಿಷ ಬೇಕು. ಒಂದು ಡಬ್ಬದಲ್ಲಿ 2, ಇನ್ನೊಂದರಲ್ಲಿ 7 ಇದ್ದರೆ ವೇಳೆ ಹೆಚ್ಚಿಸುವುದು ಪರಿಹಾರವಲ್ಲ. ನಾಜಲ್ ಕಟ್ಟಿದೆ, ವಾಲಿದೆ, ಇಲ್ಲವೇ ಒತ್ತಡ ಹೆಚ್ಚಾಗಿ ನೀರು ಮಂಜಾಗಿ ಗಾಳಿಗೆ ಹೋಗುತ್ತಿದೆ.

ನೀರು ಎಷ್ಟು ಆಳಕ್ಕೆ ಇಳಿಯಿತು

ಮೇಲ್ಮಣ್ಣು ಒದ್ದೆಯಾಗಿ ಕಂಡರೆ ಏನೂ ಹೇಳಿದಂತಾಗಲಿಲ್ಲ. ನೀರು ಬಿಟ್ಟು ಒಂದು ದಿನದ ನಂತರ 20–25 ಸೆಂ.ಮೀ. ಉದ್ದದ ಸ್ಕ್ರೂಡ್ರೈವರನ್ನು ಮಣ್ಣಿಗೆ ಚುಚ್ಚಿ. ಒದ್ದೆ ಇರುವ ತನಕ ಅದು ಸರಾಗವಾಗಿ ಇಳಿದು, ಒಣಗಿದ ಕಡೆ ಗಕ್ಕನೆ ನಿಲ್ಲುತ್ತದೆ. ಆ ಆಳವೇ ನಿಮ್ಮ ನೀರು ತಲುಪಿದ ಆಳ. ಕಲ್ಲಿಗೆ ತಾಗಿಯೂ ನಿಲ್ಲಬಹುದು, ಹಾಗಾಗಿ ಮೂರು ಕಡೆ ಚುಚ್ಚಿ ನೋಡಿ.

25 ಮಿ.ಮೀ. ನೀರು ಮರಳು ಮಣ್ಣಿನಲ್ಲಿ ಸುಮಾರು 30 ಸೆಂ.ಮೀ. ಇಳಿದರೆ, ಗೋಡು ಮಣ್ಣಿನಲ್ಲಿ 15ರಿಂದ 20, ಜೇಡಿಯಲ್ಲಿ 10–12 ಸೆಂ.ಮೀ. ಅಷ್ಟೇ. ಆದ್ದರಿಂದ ಮರಳಿಗೆ ಸ್ವಲ್ಪ ಸ್ವಲ್ಪವಾಗಿ ಬೇಗಬೇಗ ಕೊಡಬೇಕು, ಹೆಚ್ಚು ಕೊಟ್ಟರೆ ಬೇರಿನ ಕೆಳಗೆ ಸೋರಿ ಹೋಗುತ್ತದೆ. ಜೇಡಿಗೆ ಅಪರೂಪಕ್ಕೆ, ಆದರೆ ನಿಧಾನವಾಗಿ. ಜೇಡಿ ಗಂಟೆಗೆ ಕೆಲವೇ ಮಿ.ಮೀ. ಕುಡಿಯುತ್ತದೆ, ಉಳಿದದ್ದು ರಸ್ತೆಗೆ. 10 ನಿಮಿಷ ಬಿಟ್ಟು, 40 ನಿಮಿಷ ನಿಲ್ಲಿಸಿ, ಮತ್ತೆ 10 ನಿಮಿಷ ಬಿಡಿ. ಒಟ್ಟು ನೀರು ಅಷ್ಟೇ ಆದರೂ ಹರಿದು ಹೋಗುವುದು ನಿಲ್ಲುತ್ತದೆ. ರಸ್ತೆಗೆ ಹರಿದ ನೀರಿಗೂ ದಂಡ ಹಾಕುವ ನಿಯಮಗಳಿವೆ, ಆ ದೃಷ್ಟಿಯಿಂದಲೂ ಇದು ಒಳ್ಳೆಯದು.

ಸ್ಕ್ರೂಡ್ರೈವರ್ 15 ಸೆಂ.ಮೀ. ಸಲೀಸಾಗಿ ಇಳಿದರೆ ಅವತ್ತಿನ ಸರದಿ ಬಿಟ್ಟುಬಿಡಿ. ಮಧ್ಯಾಹ್ನ ಎಲೆ ಜೋತು ಬಿದ್ದಿತೆಂದು ಓಡಬೇಡಿ; ದೊಡ್ಡ ಎಲೆಯ ಗಿಡಗಳು ಬಿಸಿಲಿಗೆ ಬೇರಿನ ವೇಗ ಸಾಲದೆ ಬಾಡಿ, ಸಂಜೆಗೆ ತಾವಾಗಿ ಎದ್ದು ನಿಲ್ಲುತ್ತವೆ. ಬೆಳಗ್ಗೆ ಎದ್ದಾಗಲೂ ಜೋತೇ ಇದ್ದರೆ ಆಗ ಬಾಯಾರಿಕೆ. ಆಗಲೂ ಮಣ್ಣು ಮುಟ್ಟಿ ನೋಡಿ, ಏಕೆಂದರೆ ನೀರು ಹೆಚ್ಚಾಗಿ ಬೇರು ಕೊಳೆತ ಗಿಡವೂ ಹೀಗೆಯೇ ಬಾಡುತ್ತದೆ.

ಯಾರಿಗೆ ಮೊದಲು

ನೀರು ಸಾಲದಾದಾಗ ಎಲ್ಲರಿಗೂ ಸಮನಾಗಿ ಹಂಚುವುದು ನ್ಯಾಯದಂತೆ ಕಾಣುತ್ತದೆ, ತೋಟದಲ್ಲಿ ಅದು ದೊಡ್ಡ ನಷ್ಟ. ಎಳೆ ಮರಗಳು ಮೊದಲು, ಆಮೇಲೆ ಪೊದೆಗಳು, ಆಮೇಲೆ ಫಲ ಬಿಡುತ್ತಿರುವ ತರಕಾರಿ. ಒಂದು ಋತುವಿನ ಹೂಗಿಡ ಅದರ ನಂತರ. ಹುಲ್ಲುಹಾಸು ಕಟ್ಟಕಡೆಗೆ.

ಹುಲ್ಲು ಕಂದು ಬಣ್ಣಕ್ಕೆ ತಿರುಗಿದ್ದು ಸತ್ತದ್ದಲ್ಲ. ಬಹುತೇಕ ಹುಲ್ಲು ಎಲೆಯನ್ನು ಒಣಗಿಸಿಕೊಂಡು ಬುಡವನ್ನು ಉಳಿಸಿಕೊಳ್ಳುತ್ತದೆ. ಮೂರು ವಾರಕ್ಕೊಮ್ಮೆ 12 ಮಿ.ಮೀ. ಕೊಟ್ಟರೆ ಬುಡ ಜೀವ ಹಿಡಿದಿರುತ್ತದೆ, ಮಳೆ ಬಂದಾಗ ಚಿಗುರುತ್ತದೆ. ಅರ್ಧ ಮನಸ್ಸಿನಿಂದ ಆಗಾಗ ಚಿಮುಕಿಸಿ ಎಬ್ಬಿಸಿ, ಮತ್ತೆ ಒಣಗಿಸಿದರೆ ಅದರ ಕೂಡಿಟ್ಟ ಶಕ್ತಿ ಮುಗಿದು ನಿಜಕ್ಕೂ ಸಾಯುತ್ತದೆ. ಕತ್ತರಿಸುವುದಿದ್ದರೆ 7–8 ಸೆಂ.ಮೀ. ಬಿಡಿ. ಗೊಬ್ಬರ ಬೇಡ: ಸಾರಜನಕ ಹೊಸ ಎಲೆ ತಳ್ಳುತ್ತದೆ, ಹೊಸ ಎಲೆ ನೀರು ಕೇಳುತ್ತದೆ.

ಮರಕ್ಕೆ ಕಾಂಡದ ವ್ಯಾಸದ ಪ್ರತಿ ಸೆಂ.ಮೀ.ಗೆ ಒಂದು ಸಲಕ್ಕೆ ಸುಮಾರು 15 ಲೀಟರ್ ಎಂಬುದು ತೋಟಗಾರರ ಅಂದಾಜು. 5 ಸೆಂ.ಮೀ. ಕಾಂಡಕ್ಕೆ 75 ಲೀಟರ್. ಪೈಪನ್ನು ನಿಮಿಷಕ್ಕೆ 2 ಲೀಟರ್ ಬರುವಷ್ಟು ಸಣ್ಣಗೆ ತಿರುಗಿಸಿ, ಕೊಂಬೆಗಳ ಅಂಚು ನೆಲಕ್ಕೆ ನೆರಳು ಬೀಳಿಸುವ ಸುತ್ತಿನಲ್ಲಿ ನಾಲ್ಕು ಕಡೆ ಹತ್ತತ್ತು ನಿಮಿಷ ಇಡಿ. ಕಾಂಡದ ಬುಡಕ್ಕೆ ಸುರಿಯುವುದು ವ್ಯರ್ಥ, ನೀರು ಹೀರುವ ಸಣ್ಣ ಬೇರುಗಳು ಅಲ್ಲಿರುವುದಿಲ್ಲ. ಈ ವರ್ಷ ನೆಟ್ಟ ಸಸಿ ಮಾತ್ರ ಇದಕ್ಕೆ ಹೊರತು. ಅದರ ಬೇರೆಲ್ಲ ಇನ್ನೂ ನರ್ಸರಿ ಚೀಲದ ಮುದ್ದೆಯೊಳಗೇ ಇದೆ, ಅಲ್ಲಿಗೇ ಕೊಡಬೇಕು.

ನೀರು ಕೊಟ್ಟಮೇಲೆ ಮುಚ್ಚಿಗೆ. ಒಣ ಎಲೆ, ತೊಗಟೆ ಚೂರು, ಹುಲ್ಲು, ಯಾವುದಾದರೂ ಸರಿ, 5ರಿಂದ 10 ಸೆಂ.ಮೀ. ದಪ್ಪ. ಒಣ ಮಣ್ಣಿನ ಮೇಲೆ ಹಾಸಿದರೆ ಒಣಗನ್ನೇ ಕಾಪಾಡಿದ ಹಾಗೆ, ಅದಕ್ಕೇ ಮೊದಲು ನೆನೆಸುವುದು. 10ಕ್ಕಿಂತ ದಪ್ಪವಾದರೆ ಸಣ್ಣ ಮಳೆ ಮುಚ್ಚಿಗೆಯಲ್ಲೇ ಮುಗಿಯುತ್ತದೆ. ಹಸಿ ಹುಲ್ಲನ್ನು ದಪ್ಪಗೆ ಹಾಕಿದರೆ ಚಾಪೆಯಂತೆ ಅಂಟಿಕೊಂಡು ಬಿಸಿಯೇರುತ್ತದೆ, 2–3 ಸೆಂ.ಮೀ. ಪದರ ಒಣಗಿದ ಮೇಲೆ ಇನ್ನೊಂದು ಹಾಕಿ. ಕಾಂಡದಿಂದ ಒಂದು ಗೇಣು ಜಾಗ ಖಾಲಿ ಬಿಡಿ, ಇಲ್ಲದಿದ್ದರೆ ತೊಗಟೆ ಕೊಳೆಯುತ್ತದೆ.

ಹನಿ ಪೈಪು ಹಾಕುವುದಾದರೆ

ಮುಖ್ಯ ನಲ್ಲಿಯಿಂದ ಕ್ರಮವಾಗಿ: ವಾಲ್ವ್, ಬೇಕಾದರೆ ಟೈಮರ್, 120 ಮೆಶ್ (ಇಂಚಿಗೆ 120 ಕಣ್ಣಿನ ಜಾಲರಿ) ಫಿಲ್ಟರ್, ಒತ್ತಡ ತಗ್ಗಿಸುವ ರೆಗ್ಯುಲೇಟರ್, ಗಿಡಗಳ ಸಾಲಿನುದ್ದಕ್ಕೂ ಹಾಯುವ 16 ಮಿ.ಮೀ. ಲ್ಯಾಟರಲ್ ಪೈಪು, ಅದರಿಂದ ಹನಿ ಬಿಡುವ ಡ್ರಿಪ್ಪರ್, ಕೊನೆಯಲ್ಲಿ ಬಿಚ್ಚಬಹುದಾದ ಮುಚ್ಚಳ. ಫಿಲ್ಟರ್ ಬಿಟ್ಟು ಹಣ ಉಳಿಸುವ ಆಸೆ ಎಲ್ಲರಿಗೂ ಬರುತ್ತದೆ. ಎರಡು ತಿಂಗಳಿಗೆ ಅರ್ಧ ಡ್ರಿಪ್ಪರ್ ಕಟ್ಟಿಕೊಂಡಾಗ ಆಸೆ ಹೋಗುತ್ತದೆ.

ಹೆಚ್ಚಿನವರು ಎಡವುವುದು ಒತ್ತಡದಲ್ಲಿ. ಡ್ರಿಪ್ಪರ್ ಮೇಲೆ 'ಗಂಟೆಗೆ 4 ಲೀಟರ್' ಎಂದು ಬರೆದಿರುವುದು ಸಾಮಾನ್ಯವಾಗಿ 1 ಬಾರ್ ಒತ್ತಡಕ್ಕೆ, ಅಂದರೆ 10 ಮೀಟರ್ ಎತ್ತರದ ನೀರಿಗೆ. ನಿಮ್ಮ ಟ್ಯಾಂಕಿನ ನೀರಿನ ಮಟ್ಟ ಡ್ರಿಪ್ಪರಿಗಿಂತ ಎರಡೂವರೆ ಮೀಟರ್ ಮಾತ್ರ ಮೇಲಿದ್ದರೆ ಒತ್ತಡ ಕಾಲು ಬಾರ್. ಹರಿವು ಒತ್ತಡದ ವರ್ಗಮೂಲದಂತೆ ಇಳಿಯುವುದರಿಂದ ಸಾದಾ ಡ್ರಿಪ್ಪರ್ 2 ಲೀಟರ್ ಕೊಡುತ್ತದೆ. ತಾವೇ ಒತ್ತಡ ಸರಿದೂಗಿಸುವ ಡ್ರಿಪ್ಪರ್‌ಗಳಂತೂ ಇಷ್ಟು ಕಡಿಮೆಯಲ್ಲಿ ಸರಿಯಾಗಿ ತೆರೆಯುವುದೇ ಇಲ್ಲ. ಟ್ಯಾಂಕಿನಿಂದ ಇಳಿಜಾರಿಗೆ ಬಿಡುವವರು ಸಾದಾ ಡ್ರಿಪ್ಪರ್ ಕೊಳ್ಳಿ, ರೆಗ್ಯುಲೇಟರ್ ಬಿಟ್ಟುಬಿಡಿ, ವೇಳೆ ಹೆಚ್ಚಿಸಿ. ಎತ್ತರದ ಟ್ಯಾಂಕಿಗೂ ನೇರ ಸರಬರಾಜಿಗೂ ಒಂದೇ ಸಾಮಾನು ಹೊಂದುವುದಿಲ್ಲ.

ಹಾಕಿದ ಮೇಲೆ ಪರೀಕ್ಷೆ ಮಾಡಿ. ಮೊದಲ ಡ್ರಿಪ್ಪರ್ ಕೆಳಗೆ ಒಂದು ಲೋಟ, ಕಟ್ಟಕಡೆಯದರ ಕೆಳಗೆ ಒಂದು ಲೋಟ, ಮೂರು ನಿಮಿಷ. 1 ಬಾರ್ ಒತ್ತಡದಲ್ಲಿ 4 ಲೀಟರಿನದಾದರೆ ಮೊದಲನೆಯದರಲ್ಲಿ 200 ಮಿ.ಲೀ. ಬರಬೇಕು. ಕೊನೆಯದರಲ್ಲಿ 180ಕ್ಕಿಂತ ಕಡಿಮೆ ಇದ್ದರೆ ಸಾಲು ಉದ್ದವಾಯಿತು: ಎರಡಾಗಿ ಒಡೆಯಿರಿ, ಇಲ್ಲವೇ ನೀರನ್ನು ಸಾಲಿನ ನಡುವಿನಿಂದ ಕೊಡಿ. ತಿಂಗಳಿಗೊಮ್ಮೆ ಕೊನೆಯ ಮುಚ್ಚಳ ಬಿಚ್ಚಿ ನೀರು ತಿಳಿಯಾಗುವ ತನಕ ಹರಿಸಿ, ಅದನ್ನು ಬಕೆಟ್ಟಿಗೆ ಹಿಡಿದು ಗಿಡಕ್ಕೇ ಹಾಕಿ. ಬಿಳಿ ಸುಣ್ಣ ಕಟ್ಟಿದ ಡ್ರಿಪ್ಪರನ್ನು ವಿನೆಗರ್‌ನಲ್ಲಿ ಒಂದು ರಾತ್ರಿ ನೆನೆಸಿ. ಸೂಜಿಯಿಂದ ಚುಚ್ಚಿದರೆ ತೂತು ದೊಡ್ಡದಾಗಿ ಹರಿವು ಕೆಡುತ್ತದೆ.

ಕುಂಡಗಳ ತೊಂದರೆ ಬೇರೆ. ಪೂರ್ತಿ ಒಣಗಿದ ಕುಂಡದ ಮಿಶ್ರಣ ಒಮ್ಮೊಮ್ಮೆ ನೀರನ್ನು ಹತ್ತಿರ ಸೇರಿಸುವುದಿಲ್ಲ. ಸುರಿದ ನೀರು ಕುಂಡದ ಗೋಡೆಯ ಸಂದಿಯಲ್ಲಿ ಇಳಿದು ತಟ್ಟೆಗೆ ಬರುತ್ತದೆ, ನೋಡುವವರಿಗೆ ಕುಂಡ ತುಂಬ ಕುಡಿದಂತೆ ಕಾಣುತ್ತದೆ. ಎತ್ತಿ ನೋಡಿ: ಹಗುರವಾಗಿದ್ದರೆ ಒಳಗೆ ಒಣ. ಅಂಥ ಕುಂಡವನ್ನು ಒಂದು ಟಬ್ಬಿನಲ್ಲಿ ಗುಳ್ಳೆ ನಿಲ್ಲುವ ತನಕ, ಅರ್ಧ ಗಂಟೆ, ಇಳಿಸಿಡಿ. ಅದೇ ನೀರಿನಲ್ಲಿ ಮುಂದಿನ ಕುಂಡ.

ಮನೆಯೊಳಗೆ: ಮೊದಲು ಸೋರಿಕೆ

ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಿ ಎಂಬ ಉಪದೇಶ ಎಲ್ಲರಿಗೂ ಗೊತ್ತು. ಆದರೆ ಫ್ಲಶ್ ಟ್ಯಾಂಕ್ ಹಗಲೂ ರಾತ್ರಿ ಸದ್ದಿಲ್ಲದೆ ಸೋರುತ್ತಿದ್ದರೆ ಆ ಉಳಿತಾಯವೆಲ್ಲ ಅಲ್ಲೇ ಹೋಯಿತು. ಸೆಕೆಂಡಿಗೊಂದು ಹನಿ ಬೀಳುವ ನಲ್ಲಿಯೇ ದಿನಕ್ಕೆ 20 ಲೀಟರಿಗೂ ಹೆಚ್ಚು ಕಳೆಯುತ್ತದೆ. ಫ್ಲಶ್ ಟ್ಯಾಂಕಿನ ಸೋರಿಕೆ ಅದರ ಹತ್ತು ಪಟ್ಟು ಆಗಬಹುದು.

ಮೀಟರ್ ಪರೀಕ್ಷೆ ಹೀಗೆ. ರಾತ್ರಿ ಎಲ್ಲರೂ ಮಲಗುವ ಮುಂಚೆ ಎಲ್ಲ ನಲ್ಲಿ, ಯಂತ್ರ ನಿಲ್ಲಿಸಿ ಅಂಕಿ ಬರೆದುಕೊಳ್ಳಿ, ಎರಡು ಗಂಟೆಯ ನಂತರ ಮತ್ತೆ ನೋಡಿ. ನಡುವೆ ಯಾರೂ ಶೌಚಾಲಯಕ್ಕೆ ಹೋಗಬಾರದು. ಅಂಕಿ ಓಡಿದ್ದರೆ ಮನೆಯೊಳಗೆ ಬರುವ ಮುಖ್ಯ ವಾಲ್ವ್ ಮುಚ್ಚಿ. ಆಗಲೂ ಓಡುತ್ತಿದ್ದರೆ ಮೀಟರ್ ಮತ್ತು ವಾಲ್ವ್ ನಡುವೆ ನೆಲದೊಳಗೆ ಪೈಪು ಒಡೆದಿದೆ. ನಿಂತರೆ ತೊಂದರೆ ಒಳಗೆ.

ಮನೆಯ ಮೇಲೆ ಟ್ಯಾಂಕ್ ಇದ್ದರೆ ಮೀಟರ್ ಪರೀಕ್ಷೆ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಟ್ಯಾಂಕಿಗೆ ನೀರು ಬರುವ ವಾಲ್ವ್ ಮುಚ್ಚಿ, ರಾತ್ರಿ ನೀರಿನ ಮಟ್ಟ ಅಳೆದು, ಬೆಳಗ್ಗೆ ಯಾರೂ ನಲ್ಲಿ ತಿರುಗಿಸುವ ಮುಂಚೆ ಮತ್ತೆ ಅಳೆಯಿರಿ. 1 ಮೀಟರ್ ಉದ್ದ-ಅಗಲದ ಟ್ಯಾಂಕಿನಲ್ಲಿ 1 ಸೆಂ.ಮೀ. ಇಳಿದರೆ 10 ಲೀಟರ್. ಟ್ಯಾಂಕ್ ತುಂಬಿ ಹರಿಯುವುದನ್ನೂ ಗಮನಿಸಿ: ಫ್ಲೋಟ್ ಚೆಂಡಿನೊಳಗೆ ನೀರು ಸೇರಿದ್ದರೆ ಅದು ತೇಲದೆ ಮುಳುಗಿರುತ್ತದೆ, ವಾಲ್ವ್ ಮುಚ್ಚುವುದೇ ಇಲ್ಲ. ಚೆಂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಗೊತ್ತಾಗುತ್ತದೆ.

ಫ್ಲಶ್ ಟ್ಯಾಂಕಿಗೆ ಬಣ್ಣದ ಪರೀಕ್ಷೆ. ಮುಚ್ಚಳ ತೆಗೆದು ಅಡುಗೆಗೆ ಬಳಸುವ ಬಣ್ಣದ ಏಳೆಂಟು ಹನಿ ಹಾಕಿ, ಫ್ಲಶ್ ಮಾಡದೆ 15 ನಿಮಿಷ ಬಿಡಿ. ಬಟ್ಟಲಿಗೆ ಬಣ್ಣ ಇಳಿದಿದ್ದರೆ ತಳದ ರಬ್ಬರ್ ಫ್ಲಾಪರ್ ಹೋಗಿದೆ. ಬೆರಳಲ್ಲಿ ಉಜ್ಜಿದಾಗ ಕೈಗೆ ಕಪ್ಪು ಹತ್ತಿದರೆ ಬದಲಿಸಲೇಬೇಕು. ಹತ್ತದಿದ್ದರೆ ಅದು ಕೂರುವ ಅಂಚಿನ ಸುಣ್ಣವನ್ನು ಕೆರೆದು ನೋಡಿ, ಸರಪಳಿ ಅಡಿಗೆ ಸಿಕ್ಕಿಕೊಂಡಿದೆಯೋ ನೋಡಿ. ಬಟ್ಟಲಲ್ಲಿ ಬಣ್ಣ ಇಲ್ಲ, ಆದರೂ 'ಸ್ಸ್' ಎಂಬ ಸದ್ದು ಬರುತ್ತಿದೆಯೇ? ನೀರು ನಡುವಿನ ನಿಂತ ಕೊಳವೆಯ ಬಾಯಿಂದ ಒಳಗಿಳಿಯುತ್ತಿರಬಹುದು. ಫ್ಲೋಟ್ ತಗ್ಗಿಸಿ, ನೀರಿನ ಮಟ್ಟ ಕೊಳವೆಯ ಬಾಯಿಗಿಂತ ಸುಮಾರು 2.5 ಸೆಂ.ಮೀ. ಕೆಳಗೆ ನಿಲ್ಲಬೇಕು. ಪರೀಕ್ಷೆ ಮುಗಿದ ಕೂಡಲೇ ಫ್ಲಶ್ ಮಾಡಿ, ಬಣ್ಣ ಕಲೆ ಬಿಡುತ್ತದೆ.

ಟ್ಯಾಂಕಿನೊಳಗೆ ಇಟ್ಟಿಗೆ ಇಡುವ ಹಳೆಯ ಉಪಾಯ ಬೇಡ. ಇಟ್ಟಿಗೆ ಕರಗಿ, ಅದರ ಪುಡಿ ಫ್ಲಾಪರ್ ಕೆಳಗೆ ಕೂತು ಹೊಸ ಸೋರಿಕೆ ಶುರುವಾಗುತ್ತದೆ. 13 ಲೀಟರಿನ ಹಳೆಯ ಟ್ಯಾಂಕಾದರೆ ನೀರು ತುಂಬಿದ 1 ಲೀಟರ್ ಬಾಟಲಿ ಇಡಬಹುದು. 6 ಲೀಟರಿನ ಹೊಸದಕ್ಕೆ ಏನೂ ಇಡಬೇಡಿ, ಒಂದು ಫ್ಲಶ್ ಸಾಲದೆ ಎರಡು ಸಲ ಒತ್ತುವ ಹಾಗಾಗುತ್ತದೆ.

ಷವರ್ ಕೆಳಗೂ ಬಕೆಟ್ಟು ಇಡಿ. ನಿಮಿಷಕ್ಕೆ 9 ಲೀಟರಿಗಿಂತ ಹೆಚ್ಚು ಬಂದರೆ ತಲೆ ಬದಲಿಸಿ, 7ರ ಆಸುಪಾಸಿನದು ಸ್ನಾನಕ್ಕೆ ಸಾಕು. ಬಿಸಿನೀರು ಬರುವ ತನಕ ಚರಂಡಿಗೆ ಬಿಡುವ ತಣ್ಣೀರು ಕಡಿಮೆಯೇನಲ್ಲ: ಒಳವ್ಯಾಸ 15 ಮಿ.ಮೀ. ಪೈಪಿನ ಪ್ರತಿ ಮೀಟರಿನಲ್ಲಿ ಸುಮಾರು 177 ಮಿ.ಲೀ. ನಿಂತಿರುತ್ತದೆ, 15 ಮೀಟರ್ ದೂರಕ್ಕೆ ಎರಡೂವರೆ ಲೀಟರ್ ದಾಟುತ್ತದೆ. ಅದು ಶುದ್ಧ ನೀರು, ಬಕೆಟ್ಟಿಗೆ ಹಿಡಿಯಿರಿ. ಕೈತೊಳೆಯುವ ನಲ್ಲಿಗೆ ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ ಏರೇಟರ್ ಹಾಕಿ. ಪಾತ್ರೆ, ಬಕೆಟ್ಟು ತುಂಬಿಸುವ ನಲ್ಲಿಗೆ ಹಾಕಿ ಪ್ರಯೋಜನವಿಲ್ಲ, 10 ಲೀಟರ್ ನಿಧಾನಕ್ಕೆ ಬಂದರೂ 10 ಲೀಟರೇ.

ಬಳಸಿದ ನೀರು, ಬಿದ್ದ ನೀರು

ಬಟ್ಟೆ ತೊಳೆದ ನೀರಿನಲ್ಲಿ ಕೊನೆಯ ಜಾಲಾಡುವಿಕೆಯದನ್ನು ಮಾತ್ರ ಗಿಡಕ್ಕೆ ಹಾಕಿ. ಮೊದಲ ಸುತ್ತಿನ ನೀರಿನಲ್ಲಿ ಡಿಟರ್ಜೆಂಟ್ ಪುಡಿಯ ಸೋಡಿಯಂ ತುಂಬಿರುತ್ತದೆ, ಅದು ಜೇಡಿ ಮಣ್ಣಿನ ಕಣಗಳನ್ನು ಬಿಡಿಸಿ ಮೇಲ್ಪದರವನ್ನು ಗಾರೆಯಂತೆ ಮಾಡುತ್ತದೆ. ಬ್ಲೀಚ್ ಅಥವಾ ಬೋರಾಕ್ಸ್ ಹಾಕಿದ್ದರೆ ಯಾವ ಸುತ್ತಿನದೂ ಬೇಡ. ಎಳೆಗೂಸಿನ ಲಂಗೋಟಿ ತೊಳೆದದ್ದು, ಎಣ್ಣೆ ಜಿಡ್ಡಿನ ಪಾತ್ರೆ ತೊಳೆದದ್ದು ನೇರ ಚರಂಡಿಗೆ. ಉಳಿದದ್ದನ್ನು 24 ಗಂಟೆಗಿಂತ ಹೆಚ್ಚು ಕೂಡಿಡಬೇಡಿ, ನಾರುತ್ತದೆ. ಎಲೆಯ ಮೇಲೆ ಬೀಳಿಸದೆ ಮಣ್ಣಿಗೆ ಹಾಕಿ, ಹಸಿಯಾಗಿ ತಿನ್ನುವ ಸೊಪ್ಪು-ಗೆಡ್ಡೆಗೆ ಹಾಕಲೇಬೇಡಿ, ಮೂರು ಸಲಕ್ಕೊಮ್ಮೆ ಒಳ್ಳೆಯ ನೀರು ಕೊಟ್ಟು ಉಪ್ಪನ್ನು ಕೆಳಗಿಳಿಸಿ. ಮಣ್ಣಿನ ಮೇಲೆ ಬಿಳಿ ಹೊಪ್ಪಳೆ ಕಂಡರೆ ಅದು ಉಪ್ಪು, ನಿಲ್ಲಿಸಿ.

ಶುದ್ಧೀಕರಣ ಯಂತ್ರ ಹೊರಹಾಕುವ ನೀರಿಗೂ ಇದೇ ಮಾತು. ನೆಲ ಒರೆಸಲು, ಫ್ಲಶ್‌ಗೆ ಅದು ಸರಿ. ಕುಂಡಕ್ಕೆ ದಿನಾ ಹಾಕಿದರೆ ಎಲೆಯ ತುದಿ ಸುಡುತ್ತದೆ. ಏಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಲವಣ ಬಹಳ ಕಡಿಮೆ, ಕುಂಡಕ್ಕೆ ಒಳ್ಳೆಯದು, ಕುಡಿಯಲು ಅಲ್ಲ.

ಮಳೆನೀರಿಗೆ ಮತ್ತೆ ಅದೇ ಮೊದಲಿನ ಸೂತ್ರ: 100 ಚದರ ಮೀಟರ್ ಸೂರಿನ ಮೇಲೆ 10 ಮಿ.ಮೀ. ಬಿದ್ದರೆ 1,000 ಲೀಟರ್, ಒದ್ದೆಯಾಗಿ ಚೆಲ್ಲಿಹೋದದ್ದು ಕಳೆದು ಸುಮಾರು 800 ಕೈಗೆ ಬರುತ್ತದೆ. ಮೊದಲ 1 ಮಿ.ಮೀ.ನಲ್ಲಿ ಸೂರಿನ ಧೂಳು, ಹಕ್ಕಿ ಹಿಕ್ಕೆ ಇರುತ್ತದೆ, ಅದನ್ನು ಹೊರಗೆ ಬಿಡುವ ವ್ಯವಸ್ಥೆ ಇರಲಿ. 200 ಲೀಟರಿನ ಒಂದೇ ಡ್ರಮ್ ಇಟ್ಟರೆ ಅರ್ಧ ಮಳೆಗೇ ತುಂಬಿ ಹರಿಯುತ್ತದೆ. ಹೆಚ್ಚಾದ ನೀರಿನ ಪೈಪನ್ನು ಮೊದಲೇ ಮರದ ಪಾತಿಗೆ ತಿರುಗಿಸಿ, ಗೋಡೆಯ ಬುಡದಿಂದ ದೂರಕ್ಕೆ. ಡ್ರಮ್ಮಿನ ಬಾಯಿಗೂ ಹೊರಹರಿವಿನ ಪೈಪಿನ ಬಾಯಿಗೂ ಸಣ್ಣ ಜಾಲರಿ ಬಿಗಿಯಿರಿ; ಎರಡನೆಯದನ್ನು ಮರೆತರೆ ಸೊಳ್ಳೆ ಅಲ್ಲಿಂದಲೇ ಒಳಗೆ ಹೋಗುತ್ತದೆ.